ಚೀಲದ ತೂಕ

ಹದಿನೇಳನೆಯ ಕಡ್ಡಿ ಸುಳ್ಳು ಹೇಳುತ್ತಿತ್ತು. ಆಶಾರಾಣಿ ಸಣ್ಣ ಪಾನಾದಿಂದ ಅದನ್ನು ಇನ್ನೊಮ್ಮೆ ತಟ್ಟಿದಳು. ಚಕ್ರದ ಮೂವತ್ತಾರು ಕಡ್ಡಿಗಳಲ್ಲಿ ಮೂವತ್ತೈದು ಟಿಣ್ ಎಂದಿದ್ದವು. ಇದೊಂದು ಮಾತ್ರ ಟಪ್ ಎಂದು ಬಾಯಿ ಮುಚ್ಚಿಕೊಂಡಿತು.

“ಏನಂತೈತೆ?” ಗೋಡೆ ಬದಿಯ ಸ್ಟೂಲಿನ ಮೇಲಿಂದ ಅವಳ ಅಪ್ಪ ದುರುಗಣ್ಣ ಕೇಳಿದ.

“ಒಂದು ಇನ್ನೂ ನಿದ್ದಿಗಣ್ಣಾಗೈತೆ.”

“ಆಂ?”

ಅವಳು ಒಂದು ಬೆರಳೆತ್ತಿ ತೋರಿಸಿದಳು.

“ಕಾಲು ಸುತ್ತು ತಿರುವು. ಅರ್ಧ ತಿರುವಿದ್ರೆ ಎದುರಿಗಿನವ ಜಗಳಕ್ಕೆ ಬರ್ತಾನೆ.”

ಕಾಲು ಸುತ್ತೇ ತಿರುವಿದಳು. ಟಿಣ್. ಸ್ಟ್ಯಾಂಡಿನಲ್ಲಿ ಚಕ್ರ ಸುತ್ತಿಸಿದಾಗ ರಿಮ್ಮಿನ ಅಂಚು ಎತ್ತಲೂ ವಾಲದೆ ಓಡಿತು. ದುರುಗಣ್ಣ ಎದ್ದು ಬಂದು, ಚಕ್ರ ನಿಲ್ಲಿಸಿ, ರಿಮ್ಮಿನ ಮೇಲೆ ಅಂಗೈ ಊರಿದ. ಕಿವಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವನು ಕಡ್ಡಿಗಳ ದನಿ ಕೇಳುವುದು ಅಂಗೈಯಿಂದ. ಆಶಾ ಒಂದೊಂದನ್ನೇ ತಟ್ಟುತ್ತ ಹೋದಳು, ಅವನು ಕಣ್ಣು ಮುಚ್ಚಿಕೊಂಡು ಹ್ಞೂಂ, ಹ್ಞೂಂ ಎನ್ನುತ್ತ ಹೋದ.

“ಪಾಸು,” ಎಂದ ಕೊನೆಗೆ. “ಇನ್ನು ಹಿಂದೆ ಕೂಡೋದೊಂದು ಬಾಕಿ.”

ಹಿಂದೆ ಕೂಡುವುದು ಆ ಅಂಗಡಿಯ ಕಾಯ್ದೆ. ಹರಿಹರದಲ್ಲಿ ದೊಡ್ಡ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ದುರುಗಣ್ಣನದು ಅದರ ಗೇಟಿಗೆ ಹೋಗುವ ರಸ್ತೆಯಲ್ಲಿ ಸೈಕಲ್ ಶಾಪು. ಸೊಟ್ಟಗಾದ ಚಕ್ರದ ಔಟ್ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಯಾರ ಚಕ್ರ ಕಟ್ಟಿದರೂ, ಮೊದಲ ಸಲ ಓಡಿಸುವಾಗ ಹಿಂದಿನ ಕ್ಯಾರಿಯರ್ ಮೇಲೆ ತಾನೇ ಕೂತು ಗೇಟಿನವರೆಗೆ ಹೋಗುತ್ತಿದ್ದ. ‘ಕಡ್ಡಿ ಕಟ್ಟಿದೋರು ಹಿಂದೆ ಕೂಡಬೇಕು. ಮುರಿದ್ರೆ ಇಬ್ರ ಮಣಕಾಲೂ ಒಡೀಲಿ’ ಎನ್ನುತ್ತಿದ್ದ. ಕಾರ್ಖಾನೆ ಮುಚ್ಚಿತು, ಸೈಕಲ್ಲುಗಳು ಹೋದವು, ಅಂಗಡಿ ದಾವಣಗೆರೆಯ ಸರಸ್ವತಿ ನಗರಕ್ಕೆ ಬಂತು. ಈಗ ಕಲ್ಲು ಗುಡ್ಡ ಹತ್ತುವ ಹುಚ್ಚಿನವರು ಚಿತ್ರದುರ್ಗ, ರಾಣೇಬೆನ್ನೂರುಗಳಿಂದ ದೊಡ್ಡ ದೊಡ್ಡ ಬೈಕು ತಂದು ನಿಲ್ಲಿಸುತ್ತಾರೆ. ಅಲಾಯ್ ಚಕ್ರ ಕಲ್ಲಿಗೆ ಬಡಿದರೆ ಒಡೆಯುತ್ತದೆ. ಕಡ್ಡಿಯ ಚಕ್ರ ಬಾಗುತ್ತದೆ, ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡಬಹುದು. ಆ ಚಕ್ರ ಕಟ್ಟಲು ಊರಿನಲ್ಲಿ ಉಳಿದಿದ್ದ ಕೈ ಎಂದರೆ ಆಶಾರಾಣಿಯದೇ. ಕಾಯ್ದೆಯೂ ಅವಳ ಪಾಲಿಗೆ ಬಂದಿತ್ತು. ಕಟ್ಟಿದ ಪ್ರತಿಯೊಂದು ಬೈಕಿನ ಹಿಂದೆ ಅವಳು ಒಂದು ಸುತ್ತು ಕೂತು ಬರುತ್ತಿದ್ದಳು.

ಅಂಜನಕುಮಾರ ಅವಳ ಬದುಕಿನೊಳಗೆ ಬಂದದ್ದೂ ಆ ಕಾಯ್ದೆಯಿಂದಲೇ. ಎರಡು ವರ್ಷದ ಹಿಂದೆ ಅವನ ಹಳೆಯ ಬೈಕಿನ ಚಕ್ರ ಕಟ್ಟಿಕೊಟ್ಟು ಹಿಂದೆ ಕೂತಳು. ಸರ್ಕಲ್ಲಿನವರೆಗೆ ಹೋಗಿ ತಿರುಗಬೇಕಾದವನು ತಿರುಗಲೇ ಇಲ್ಲ, ಸೀದಾ ಕೊಂಡಜ್ಜಿ ಕೆರೆಯ ಏರಿಯ ಮೇಲೆ ನಿಲ್ಲಿಸಿದ. ‘ಇನ್ನೂ ನಂಬಿಕೆ ಬಂದಿಲ್ಲ, ವಾಪಸ್ ಹೋಗುವಾಗ ನೋಡೋಣ’ ಎಂದಿದ್ದ. ಸಾರಥಿಯ ರೈತರ ಮಗ, ಮೆಕ್ಕೆಜೋಳದ ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರು. ಊರೂರು ಸುತ್ತುವುದೇ ಕೆಲಸ. ಹೋದ ದೀಪಾವಳಿಗೆ, ಈಗ ಅಂಗಡಿಯಲ್ಲಿ ನಿಂತಿರುವ ಈ ದೊಡ್ಡ ಬೈಕು ಕೊಂಡ ದಿನ, ಹಿಮಾಚಲದ ಸ್ಪಿತಿಗೆ ಇದರ ಮೇಲೆ ಇಬ್ಬರೂ ಹೋಗಿಬರೋಣ, ಬಂದ ಮೇಲೆ ಅವ್ವನಿಗೆ ನಮ್ಮ ಮದುವೆಯ ಮಾತು ಹೇಳುತ್ತೇನೆ ಎಂದ. ಆವತ್ತಿನಿಂದ ಆಶಾ ಮನಸ್ಸಿನೊಳಗೆ ಈ ಬೈಕನ್ನು ಬಿಚ್ಚಿ ಕೂಡಿಸುತ್ತಲೇ ಇದ್ದಳು. ಈಗಷ್ಟೇ ತಟ್ಟಿ ಮುಗಿಸಿದ ಈ ಮುಂದಿನ ಚಕ್ರ ಹತ್ತೊಂಬತ್ತು ಇಂಚಿನಿಂದ ಇಪ್ಪತ್ತೊಂದಾಯಿತು. ಮುಂದಿನ ಫೋರ್ಕಿಗೆ ಹೊಸ ಸ್ಪ್ರಿಂಗು ಬಂತು. ಉಳಿದದ್ದು ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು ಮಾತ್ರ.

ಅದರ ಪಾರ್ಸೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಜನಕುಮಾರ ಆಟೋ ಇಳಿದ.

“ಆರಾಮ ಅದೀರಾ, ದುರುಗಣ್ಣಾರೆ?” ಎಂದ.

ಆಶಾಳ ಕೈಯಲ್ಲಿದ್ದ ಪಾನಾ ಒಂದು ಗಳಿಗೆ ನಿಂತಿತು. ಒಂದು ವರ್ಷದಿಂದ ಅವನು ಬಾಗಿಲಲ್ಲೇ ನಿಂತು ‘ಮಾವಾರೆ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ದುರುಗಣ್ಣನಿಗೆ ಎರಡೂ ಒಂದೇ. ತುಟಿಯಲ್ಲಾಡಿದ್ದು ನೋಡಿ ನಕ್ಕು, “ಬರ್ರಿ ಅಳಿಯಂದಿರು, ಕೂಡ್ರಿ. ಚಕ್ರ ನೋಡ್ರಿ, ಹಾರ್ಮೋನಿಯಂ ಆಗೈತೆ,” ಎಂದ.

ಬಿಸಿಲಿಗೆ ತಲೆಗಿಲೆ ನೋಯುತ್ತಿರಬೇಕು ಅವನಿಗೆ ಎಂದುಕೊಂಡು ಆಶಾ ಪೆಟ್ಟಿಗೆ ಬಿಚ್ಚಿದಳು.

ಹಿಂದಿನ ಸ್ಪ್ರಿಂಗಿನ ಲೆಕ್ಕ ಬಹಳ ನಾಜೂಕಿನದು. ಬೈಕಿನ ಮೇಲೆ ಎಷ್ಟು ತೂಕ ಕೂಡುತ್ತದೋ ಅಷ್ಟಕ್ಕೇ ಮಾಡಿಸಬೇಕು. ಜಾಸ್ತಿ ಗಟ್ಟಿಯಾದರೆ ಕಲ್ಲಿನ ಮೇಲೆ ಕುಪ್ಪಳಿಸುತ್ತದೆ, ಮೆದುವಾದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಯುಗಾದಿಯ ಮರುದಿನ ಇಬ್ಬರೂ ಅವನ ಕಂಪನಿಯ ಗೋಡೌನಿಗೆ ಹೋಗಿ, ಬೀಜದ ಚೀಲ ತೂಗುವ ತಕ್ಕಡಿಯ ಹಲಗೆಯ ಮೇಲೆ ಒಟ್ಟಿಗೆ ನಿಂತಿದ್ದರು. ಜಾಗ ಸಣ್ಣದು, ಬೀಳದಿರಲು ಅವಳು ಅವನ ಬೆಲ್ಟು ಹಿಡಿದುಕೊಂಡಿದ್ದಳು. ನೂರಾ ಮೂವತ್ತೊಂದು ಕೆ.ಜಿ. ಹಮಾಲಿ ಪಾಲಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, “ಚೀಲದ ತೂಕ ಕಳೀಬೇಕಲ್ರಿ ಸಾಹೇಬ್ರೆ?” ಎಂದು ಕೇಳಿದ್ದ. “ಚೀಲ ಯಾರು, ಮಾಲು ಯಾರು, ಅದನ್ನ ಮೊದ್ಲು ಹೇಳು,” ಎಂದಿದ್ದ ಅಂಜನಕುಮಾರ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಸ್ಪ್ರಿಂಗು ಚೆಂದವಿತ್ತು, ಹೊಸ ಬಣ್ಣದ ವಾಸನೆ. ಅದರ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಅವಳು ಎರಡು ಸಲ ಓದಿದಳು. ಸವಾರನ ತೂಕ ಎಪ್ಪತ್ತೇಳು. ಲಗೇಜು ಇಪ್ಪತ್ತೈದು. ಹಿಂದಿನ ಸವಾರ ಎಂಬಲ್ಲಿ ಒಂದು ಗೀಟು.

“ಕಂಪನಿಯೋರು ತಪ್ಪು ಕಳ್ಸ್ಯಾರೆ,” ಎಂದಳು. “ಇದು ಒಬ್ರು ಕೂಡೋ ಸ್ಪ್ರಿಂಗು. ಫೋನ್ ಮಾಡು, ಬದ್ಲಿ ಕೊಡ್ತಾರೆ. ಇನ್ನೂ ಟೈಮ್ ಐತೆ.”

ಅಂಜನಕುಮಾರ ಪಾರ್ಸೆಲ್ಲಿನ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದ. ಪೂರ್ತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತತೊಡಗಿದ.

“ತಪ್ಪಲ್ಲ.”

“ನೂರಾ ಮೂವತ್ತೊಂದು ಅಂತ ನೀನೇ ಮೊಬೈಲ್‌ನಾಗೆ ಬರ್ಕೊಂಡಿದ್ದಿ.”

“ಬರ್ಕೊಂಡಿದ್ದೆ. ಅವ್ರಿಗೆ ಎಪ್ಪತ್ತೇಳು ಅಂತ ಹೇಳ್ದೆ.”

“ಏನಂತಾರೆ?” ದುರುಗಣ್ಣ ಸ್ಟೂಲಿನಿಂದ ಬಗ್ಗಿ ಕೇಳಿದ. “ಸ್ಪ್ರಿಂಗು ಚಲೋ ಐತಾ?”

ಆಶಾ ಹೆಬ್ಬೆರಳೆತ್ತಿ ತೋರಿಸಿದಳು. ಅವನು ಸಮಾಧಾನವಾಗಿ ಎಲೆಯಡಿಕೆ ಚೀಲ ಬಿಚ್ಚಿದ.

“ಅಲ್ಲಿ ದಾರಿ ಸರಿ ಇಲ್ಲ ಆಶಾ,” ಅಂಜನಕುಮಾರ ದನಿ ತಗ್ಗಿಸಿದ. ತಗ್ಗಿಸುವ ಅಗತ್ಯವಿರಲಿಲ್ಲ. “ಬರೀ ಕಲ್ಲು, ನೀರು. ಹಿಂದೆ ಭಾರ ಇದ್ರೆ ಗಾಡಿ ಮಾತು ಕೇಳಲ್ಲ.”

“ಭಾರ.”

“ನೀನು ಭಾರ ಅಂತಲ್ಲ.”

“ಮತ್ತೆ ನಿನ್ ಹಿಂದೆ ಬ್ಯಾರೆ ಯಾರು ಕೂಡ್ತಾರೆ?”

“ಯಾರೂ ಇಲ್ಲ. ಬೇಕಾದ್ರೆ ಆಣೆ...”

“ಆಣೆ ಬ್ಯಾಡ. ಒಬ್ನೇ ಹೋಗ್ತಿ, ಸರಿ. ಬಂದ ಮ್ಯಾಲೆ?”

ಅವನು ಹಗ್ಗ ಬಿಚ್ಚಿದ. ಬೆರಳ ಮೇಲೆ ಬಿಳಿ ಗೆರೆಗಳು ಮೂಡಿದ್ದವು.

“ಬಂದ ಮ್ಯಾಲೂ ಅಷ್ಟೆ,” ಎಂದ. “ಯಾಕೆ ಅಂತ ಕೇಳಬ್ಯಾಡ. ನಂಗೇ ಗೊತ್ತಿಲ್ಲ. ಮೊದ್ಲಿನಂಗೆ ಅನ್ಸವಲ್ದು. ಎಷ್ಟೋ ಸಲ ಹೇಳ್ಬೇಕು ಅಂತ ಬರ್ತಿದ್ದೆ. ಬಂದು ಕೂತ್ರೆ, ನೀವಿಬ್ರೂ ಚಾ ಕೊಡ್ತಿದ್ರಿ.”

ಆಶಾ ತಲೆ ತಗ್ಗಿಸಿದಳು. ಚೀಟಿ ಇನ್ನೂ ಕೈಯಲ್ಲಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಆರ್ಡರು ಕೊಟ್ಟ ತಾರೀಖು: ಏಪ್ರಿಲ್ ಹನ್ನೊಂದು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವರು ತಕ್ಕಡಿಯ ಮೇಲೆ ನಿಂತದ್ದು ಹತ್ತನೆಯ ತಾರೀಖು.

ಮಾರನೆಯ ದಿನವೇ ಅವನು ಚೀಲದ ತೂಕ ಕಳೆದಿದ್ದ.

ಆಮೇಲಿನ ಭಾನುವಾರಗಳನ್ನು ಅವಳು ಒಂದೊಂದಾಗಿ ತಟ್ಟಿ ನೋಡಿದಳು. ಕೆರೆ ಏರಿಯ ಮೇಲೆ ಮಂಡಕ್ಕಿ ಪೊಟ್ಟಣ ಹಿಡಿದು, ಬಜ್ಜಿಯೊಳಗಿನ ಮೆಣಸಿನಕಾಯಿಯನ್ನು ತಾನು ತಿಂದು ಹಿಟ್ಟಿನ ಭಾಗವನ್ನು ಅವಳಿಗೆ ಬಿಟ್ಟದ್ದು. ತುಂಗಭದ್ರೆಯ ಸೇತುವೆಯ ಮೇಲೆ ಗಾಳಿಗೆ ಹಾರಿದ ಅವಳ ದುಪಟ್ಟಾವನ್ನು ಗಾಡಿ ನಿಲ್ಲಿಸಿ ತಾನೇ ಕಟ್ಟಿದ್ದು. ಎಲ್ಲವೂ ಟಿಣ್ ಎಂದಿದ್ದವು. ಚಕ್ರದ ಕಡ್ಡಿ ಕಾಲು ಸುತ್ತು ಸಡಿಲಾದರೆ ಕೇಳುವ ಕಿವಿ ಅವಳದು. ಇದು ಕೇಳಿರಲಿಲ್ಲ.

ಗೋಡೆಯ ಮೊಳೆಗೆ ಕೆಂಪು ಹೆಲ್ಮೆಟ್ಟು ನೇತುಬಿದ್ದಿತ್ತು. ಅವಳಿಗೆಂದೇ ಅವನು ತಂದದ್ದು.

“ಅದನ್ನ ತಂದಿದ್ದು ಮೇ ತಿಂಗ್ಳಾಗೆ,” ಎಂದಳು. “ಯಾಕೆ ತಂದಿ?”

ಅವನು ಅತ್ತ ನೋಡಿದ. “ಬೇಕಾಗ್ತೈತಲ್ಲ ನಿಂಗೆ. ದಿನಾ ಯಾರ್ಯಾರದೋ ಗಾಡಿ ಹಿಂದೆ ಕೂಡ್ತೀಯ.”

ಅವನು ಅದನ್ನು ಕಾಳಜಿಯಿಂದಲೇ ಹೇಳಿದ. ಅವಳಿಗೆ ತಡೆಯಲಾಗದೆ ಹೋದದ್ದು ಅದೇ.

ಅವಳು ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಶಾಕ್ ಅಬ್ಸಾರ್ಬರು ಬಿಚ್ಚಿ, ಹಳೆಯ ಸ್ಪ್ರಿಂಗನ್ನು ಅದುಮಿ ತೆಗೆದು ಹೊಸದನ್ನು ಕೂಡಿಸಿದಳು. “ಇವತ್ತೇ ಆಗ್ಬೇಕು ಅಂತೇನಿಲ್ಲ,” ಎಂದು ಅವನು ಎರಡು ಸಲ ಅಂದ. ಚಕ್ರ ಎತ್ತಿ ಫೋರ್ಕಿಗೆ ಕೂಡಿಸುವಾಗ ಹದಿನೇಳನೆಯ ಕಡ್ಡಿ ಕಣ್ಣ ಮುಂದೆಯೇ ಬಂತು. ಕಾಲು ಸುತ್ತು ಹಿಂದಕ್ಕೆ. ಯಾರಿಗೂ ತಿಳಿಯುವುದಿಲ್ಲ. ಎಲ್ಲೋ ಸಾವಿರಾರು ಮೈಲಿ ಆಚೆ, ಯಾವುದೋ ಹೊಳೆಯ ಕಲ್ಲುಗಳ ನಡುವೆ ಅದು ಒಂದು ದಿನ ನಿಜ ಹೇಳುತ್ತದೆ. ಪಾನಾ ಕೈಯಲ್ಲೇ ಇತ್ತು. ಅವಳು ಅದರಿಂದ ಆ ಕಡ್ಡಿಯನ್ನು ಒಮ್ಮೆ ತಟ್ಟಿದಳು. ಟಿಣ್. ಪಾನಾ ಡಬ್ಬಿಗೆ ಹಾಕಿದಳು.

“ಹತ್ತಿ ಕೂಡು,” ಎಂದಳು.

ಅವನು ಕೂತ. ಅವಳು ಒಳಗೆ ಹೋದಳು. ಅಂಗಡಿಯ ಹಿಂದೆಯೇ ಮನೆ. ಲಗೇಜಿನ ಲೆಕ್ಕಕ್ಕೆ ಒಡೆಯದ ಇಪ್ಪತ್ತೈದು ಕೆ.ಜಿ. ಅಕ್ಕಿ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು, ಅವನ ಬೆನ್ನ ಹಿಂದೆ ಸೀಟಿನ ಮೇಲೆ ಇಟ್ಟು, ಒಂದು ಕೈಯಿಂದ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಟೇಪು ಹಿಡಿದು ಹಿಂದಿನ ಚಕ್ರದ ನಡುವಿನಿಂದ ಸೀಟಿನ ಕೆಳಗೆ ಗೀಚಿಕೊಂಡಿದ್ದ ಗುರುತಿಗೆ ಅಳೆದಳು. ಭಾರ ಕೂತಾಗ, ಶಾಕು ಏರಿಳಿಯುವ ಒಟ್ಟು ದೂರದಲ್ಲಿ ಮೂರರಲ್ಲಿ ಒಂದು ಪಾಲು ಇಳಿಯಬೇಕು. ಇಳಿದಿತ್ತು. ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಸರಿಯಾಗಿ ಹೊಂದಿದ ಸ್ಪ್ರಿಂಗನ್ನು ಅವಳು ಈವರೆಗೆ ಯಾರಿಗೂ ಹಾಕಿರಲಿಲ್ಲ.

“ಸರಿ ಐತೆ,” ಎಂದಳು.

“ಅಕ್ಕಿ ಯಾಕೆ ಕೂಡಿಸ್ದಿ?” ದುರುಗಣ್ಣ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ನಗುತ್ತ ಎದ್ದು ಬಂದ. “ಅಕ್ಕಿಗೇನು ಗೊತ್ತಾಗ್ತೈತೆ ಕಡ್ಡಿ ವಿಷಯ? ನೋಡ್ರಿ ಅಳಿಯಂದಿರೆ, ನನ್ ಮಗ್ಳಿಗಿಂತ ಚೀಲನೇ ಹಗುರ ಅಂತ ಇಟ್ಟಾಳೆ. ಇಳ್ಸವ್ವ ಅದನ್ನ, ನೀನು ಹತ್ತು. ಕೊಂಡಜ್ಜಿ ತನಕ ಹೋಗಿ ಬರ್ರಿ.”

ಅಂಜನಕುಮಾರ ನಗಲು ನೋಡಿದ. ಆಶಾ ಚೀಲ ಇಳಿಸಿ ಎದೆಗೆ ಅವುಚಿಕೊಂಡು ನಿಂತಳು. ಅವನು ಕೀಲಿ ತಿರುವಿದ. ಇಂಜಿನ್ನಿನ ಗುಡುಗು ಅಂಗಡಿಯ ತಗಡಿಗೆಲ್ಲ ಹಬ್ಬಿತು. ದುರುಗಣ್ಣ ಬಗ್ಗಿ ಹೊಸ ಚಕ್ರದ ಮೇಲೆ ಅಂಗೈ ಇಟ್ಟು, ಅದರ ಮೂಲಕ ಏನನ್ನೋ ಕೇಳಿಸಿಕೊಳ್ಳುತ್ತ ತಲೆಯಾಡಿಸಿದ.

“ನಲವತ್ತು ವರ್ಷದ ಕಾಯ್ದೆ,” ಎಂದ. “ಹ್ಞೂಂ, ಹತ್ತು.”

ಅಂಜನಕುಮಾರ ಕೈ ಚಾಚಿ ಮೊಳೆಯಿಂದ ಕೆಂಪು ಹೆಲ್ಮೆಟ್ಟು ತೆಗೆದ. ಅಂಗಿಯ ತೋಳಿನಿಂದ ಅದರ ಮೇಲಿನ ಧೂಳು ಒರೆಸಿ ಅವಳ ಕಡೆ ಹಿಡಿದ.

“ಬಾ ಆಶಾ,” ಎಂದ. “ಇದೊಂದು ಸಲ. ಕೆರೆ ತನಕ. ಅಪ್ಪಾರ ಮಾತಿಗಾದ್ರೂ.”

ಇನ್ನೊಂದು ಕೈಯಿಂದ ತನ್ನ ಹಿಂದಿನ ಸೀಟನ್ನು ಮೆಲ್ಲಗೆ ತಟ್ಟಿದ. ಅಕ್ಕಿ ಚೀಲದ ತಗ್ಗು ಅಲ್ಲಿ ಇನ್ನೂ ಹಾಗೇ ಇತ್ತು.

ಆಶಾರಾಣಿ ಚೀಲ ಕೆಳಗಿಡಲಿಲ್ಲ. ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಇಂಜಿನ್ನಿನ ಸದ್ದಿಗಿಂತ ಮೇಲೆ, ದುರುಗಣ್ಣನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಹೇಳಿದಳು:

“ಒಲ್ಲೆ.”