ಹಲ್ಲುಕಡ್ಡಿಯ ಸಾಕ್ಷಿ

ಉಸಿರು ಬಿಗಿಹಿಡಿದು, ಹಲ್ಲುಕಡ್ಡಿಯ ತುದಿಯಲ್ಲಿ ಹಸಿರು ಪುಡಿ ಎತ್ತಿ, ಅವಳು ಔಷಧಿಯ ಖಾಲಿ ಕ್ಯಾಪ್ಸೂಲಿಗೆ ತುಂಬುತ್ತಿದ್ದಳು. ಸೀನು ಬಂದರೆ ಮೂರು ವಾರದ ಅಡುಗೆ ನೆಲದ ಪಾಲು. ಅಡುಗೆಯೇ ಅದು: ತಾಮ್ರ, ಮ್ಯಾಂಗನೀಸ್ ಎರಡರ ಲವಣವನ್ನೂ ಒಂದು ಸಾವಯವ ಆಮ್ಲದ ಜೊತೆ ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿದರೆ, ಲೋಹಗಳು ಆಮ್ಲದ ಕೈ ಹಿಡಿದು ಹರಳಾಗಿ ಕೂರುತ್ತವೆ. ಇಪ್ಪತ್ತೆರಡು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಬೇಯಿಸಿದವಳು ಅವಳು. ಉಂಡು ತೇಗಿದ್ದು ಪ್ರೊಫೆಸರು.

ಈ ಸಲ ಹಾಗಲ್ಲ. ಕಳೆದ ವಾರ ಅವಳು ಜ್ವರವೆಂದು ರಜೆ ಹಾಕಿದಾಗ ಪ್ರೊಫೆಸರೇ ತೋಳೇರಿಸಿ ಇದೇ ಪುಡಿಯನ್ನು ಪರೀಕ್ಷಿಸಿದ್ದರು. ಕೋಣೆಯ ಬಿಸಿಯಲ್ಲೇ ಅದು ಅಯಸ್ಕಾಂತದಂತೆ ವರ್ತಿಸಿತ್ತು! ಇಂಥ ಪುಡಿಗಳು ಆ ಗುಣ ತೋರಿಸುವುದು ಸಾಮಾನ್ಯವಾಗಿ ಊಹೆಗೂ ನಿಲುಕದ ಶೈತ್ಯದಲ್ಲಿ. ಪ್ರೊಫೆಸರ ಕಾಲು ನೆಲದ ಮೇಲಿರಲಿಲ್ಲ. ಆ ಭರದಲ್ಲಿ ಪ್ರಬಂಧದ ಲೇಖಕರ ಸಾಲಿಗೆ ಅವಳ ಹೆಸರನ್ನೂ ಸೇರಿಸಿಬಿಟ್ಟರು. ಮೊದಲ ಸಲ. ಅವಳು ಆ ಪುಟದ ಫೋಟೋ ಅಕ್ಕನಿಗೆ ಕಳಿಸಿಯೂ ಆಗಿತ್ತು.

ಸಂಜೆಗೆ, ಅವಳ ಕ್ಯಾಪ್ಸೂಲಿನ ಅಯಸ್ಕಾಂತ ಗುಣ ಅಳೆದ ಯಂತ್ರದ ಪರದೆಯಲ್ಲಿ ಗೆರೆ ಮೂಡಿತು. ಕೋಣೆಯ ಬಿಸಿಯಲ್ಲಿ ಏನೂ ಇಲ್ಲ. ಪುಡಿ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಸುಮ್ಮನೆ ಕೂತಿತ್ತು. ಬಿಸಿ ತೀರಾ ಇಳಿದು ಶೈತ್ಯ ಕೊರೆಯುವಾಗ ಮಾತ್ರ ಗೆರೆ ಚೂರು ತಲೆಯೆತ್ತಿತು.

ಪುಡಿಗೆ ಲೋಹದ ಚಮಚ ಸೋಕಬಾರದೆಂಬುದು ಅವಳದೇ ಕಟ್ಟಳೆ. ಪ್ರೊಫೆಸರ ಮೇಜಿನ ಮೇಲೆ ತುದಿ ತುಕ್ಕು ಹಿಡಿದ ಕಬ್ಬಿಣದ ಪುಟ್ಟ ಚಮಚ ಬಿದ್ದಿತ್ತು. ಅವರು ಮಿಗಿಸಿದ ಪುಡಿಯನ್ನು ಕಾಗದದ ಮೇಲೆ ಹರಡಿ, ಕೆಳಗೆ ಬೀರುವಿನ ಬಾಗಿಲಿನ ಅಯಸ್ಕಾಂತ ಆಡಿಸಿದಳು. ಹಸಿರಿನ ನಡುವಿಂದ ಕಪ್ಪು ಚುಕ್ಕಿಗಳು ಎದ್ದು ಓಡಾಡಿದವು. ಅವಳ ಪುಡಿಯಲ್ಲಿ ಒಂದೂ ಇಲ್ಲ.

ಪ್ರೊಫೆಸರು ಬಂದಾಗ ತೋರಿಸಿದಳು. “ಸಾರ್, ನಿಮ್ಮ ಚಮಚದ ಕಬ್ಬಿಣ. ಓಡ್ತಿರೋದು ಅದೇ.”

“ಏನಮ್ಮಾ, ಇಷ್ಟು ಧೂಳು ಅಷ್ಟು ದೊಡ್ಡ ಗೆರೆ ಎಳೆಯತ್ತಾ?”

“ಉಪ್ಪು ಎಷ್ಟು ಹೆಚ್ಚಾದ್ರೆ ನಾಲಿಗೆಗೆ ಗೊತ್ತಾಗತ್ತೆ, ಸಾರ್?”

“ಹಲ್ಲುಕಡ್ಡಿಲಿ ವಿಜ್ಞಾನ ಮಾಡೋರು ನೀವು! ನಿಮ್ಮ ಕೈಗುಣ ಸರಿಯಿಲ್ಲ ಅಷ್ಟೆ. ನನ್ನ ಕೈಲಿ ಬಂತಲ್ಲ?”

“ಚಮಚದಲ್ಲಿ ಬಂತು, ಸಾರ್. ಅದೊಂದನ್ನೇ ಯಂತ್ರಕ್ಕೆ ಹಾಕಿದ್ರೆ ಇನ್ನೂ ಚೆನ್ನಾಗಿ ಬರತ್ತೆ.”

ಪ್ರೊಫೆಸರು ನಗಲಿಲ್ಲ. ಒಪ್ಪಿಗೆ ಪತ್ರವನ್ನು ಅವಳತ್ತ ಸರಿಸಿದರು. “ಎಲ್ಲಾ ಲೇಖಕರ ಸಹಿ ಇಲ್ಲದೆ ಪತ್ರಿಕೆಯವರು ತಗೊಳ್ಳಲ್ಲ. ನಾಳೆ ಬೆಳಿಗ್ಗೆ ಕಳಿಸ್ಬೇಕು. ಹೆಸರು ಬರೋದು ಬೇಡ್ವಾ ನಿಮಗೆ?” ಎಂದು ಹೊರಟರು.

ಬೇಕಿತ್ತು. ಸುಳ್ಳೇಕೆ? ಬಾಯಲ್ಲಿ ನೀರೂರುವಷ್ಟು ಬೇಕಿತ್ತು. ಹೆಸರಿನ ಕೆಳಗೆ ಬೆರಳಾಡಿಸಿದಳು. ಕಾಗುಣಿತವೂ ಸರಿಯಾಗಿತ್ತು, ವಿದ್ಯುತ್ ಬಿಲ್ಲಿನಲ್ಲೂ ಆಗದ ಪವಾಡ.

ಫೋನು ಬಡಿದುಕೊಂಡಿತು. ಅಕ್ಕ. “ಏನೇ ವಿಜ್ಞಾನಿ! ಯಾವಾಗ ಬರತ್ತೆ ನಿನ್ನ ಹೆಸರು? ನಾನು ಇಡೀ ಬೀದಿಗೆ ಹೇಳಿಬಿಟ್ಟಿದ್ದೀನಿ.”

“ಬರತ್ತೆ ಬಿಡಕ್ಕಾ. ಇನ್ನೂ ಬೇಯ್ತಿದೆ.”

“ಮತ್ತೇನಾದ್ರೂ ಎಡವಟ್ಟಾ?”

“ಏನಿಲ್ಲ,” ಎಂದು ಫೋನಿಟ್ಟಳು.

ಪತ್ರವನ್ನು ಸಹಿಯಿಲ್ಲದೆಯೇ ಎರಡಾಗಿ ಮಡಚಿ ಹಲ್ಲುಕಡ್ಡಿಯ ಡಬ್ಬಿಯ ಕೆಳಗಿಟ್ಟಳು. ನಾಳೆ ಬೆಳಿಗ್ಗೆಯೂ ಅದು ಹಾಗೆಯೇ ಇರುತ್ತದೆ. ಆಮೇಲೆ ಶೈತ್ಯದಲ್ಲಿ ಚೂರೇ ತಲೆಯೆತ್ತಿದ ಆ ಗೆರೆಯನ್ನು ಕಾಗದಕ್ಕೆ ಇಳಿಸಿ ಹೊಸ ಕಡತದಲ್ಲಿಟ್ಟು, ಲೇಖಕರ ಜಾಗದಲ್ಲಿ ಮೊದಲು ತನ್ನ ಹೆಸರು ಬರೆದು, ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು.