ಬಲಗೈಯ ಊಟ

"ಲಕ್ವಾ ನಿಮ್ಮವ್ವನ ಅರ್ಧ ಕೈ ತಿಂದದ. ಉಳಿದರ್ಧ ನೀನ ತಿನ್ನಲಿಕತ್ತೀಯಲ್ಲೋ, ಹೊಟ್ಟಿಬಾಕಾ!"

ಡಾಕ್ಟರ್ ದತ್ತಾತ್ರೇಯ ಈ ಮಾತನ್ನು ಮೆಲ್ಲಗೆ ಹೇಳಲಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಆಸ್ಪತ್ರೆ. ವ್ಯಾಯಾಮದ ಹಾಲಿನ ತುಂಬ ಜನ. ರಾಟೆಯ ಹಗ್ಗ ಜಗ್ಗುವವರು, ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತಿಳಿಸುವವರು, ಎಲ್ಲರ ಕೈಕಾಲೂ ಒಮ್ಮೆಲೇ ನಿಂತವು. ಅಮರೇಶಪ್ಪನ ಕಿವಿ ಕಾದ ಹಂಚಿನಂತಾಯಿತು.

ಏಳನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಹಿಟ್ಟಿನ ಗಿರಣಿಗೆ ನಿಂತ ಹುಡುಗ ಅವನು. ಬೇರೆ ಯಾರಾದರೂ ಹೀಗಂದಿದ್ದರೆ ಅಂಗಿಯ ಕೊರಳಪಟ್ಟಿ ಅವನ ಮುಷ್ಟಿಯಲ್ಲಿರುತ್ತಿತ್ತು. ಆದರೆ ಅವ್ವ ಬಸಲಿಂಗಮ್ಮನನ್ನು ಸಾವಿನ ಬಾಯಿಂದ ಎಳೆದು ತಂದವರು ಇದೇ ಡಾಕ್ಟರು. ವಾರಕ್ಕೊಮ್ಮೆ ಬಂದು ಬಿ.ಪಿ. ನೋಡಿ, ಯಾರ ಕೈಗೆ ಯಾವ ಕೆಲಸ ಎಂದು ಗೊತ್ತುಮಾಡುವವರೂ ಇವರೇ.

ಭುಜ ಮುರಿದುಕೊಂಡು ವ್ಯಾಯಾಮಕ್ಕೆ ಬರುತ್ತಿದ್ದ ಬೇಳೆ ವ್ಯಾಪಾರಿ ಹಣಮಂತರಾಯರಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಈ ಕಾಲದಾಗ ಅವ್ವಗ ತುತ್ತು ಮಾಡಿ ಉಣಸೋ ಮಗಾ ಎಲ್ಲಿ ಸಿಗ್ತಾನ್ರಿ? ಅವಂಗ ಬೈತೀರಲ್ಲ!"

"ಅಂವಾ ಉಣಸೂದಕ್ಕ ಕೈ ಕೆಟ್ಟದ್ರೀ."

ಡಾಕ್ಟರು ಬಸಲಿಂಗಮ್ಮನ ಬಲ ಅಂಗೈಯಲ್ಲಿ ಮೆತ್ತನೆಯ ಮಣ್ಣಿನುಂಡೆ ಇಟ್ಟರು. ವ್ಯಾಯಾಮ ಮಾಡಿಸುವ ಪ್ರೇಮಾ ಪಕ್ಕದಲ್ಲಿ ಕೂತು, "ಪಟ್ಟುಕೋಮ್ಮಾ, ಗಟ್ಟಿಗಾ" ಎಂದು, ಗಟ್ಟಿಯಾಗಿ ಹಿಡಿಯುವಂತೆ ತೆಲುಗಿನಲ್ಲಿ ಪುಸಲಾಯಿಸಿದಳು. ಬೆರಳುಗಳು ಒಲ್ಲದ ಮನಸ್ಸಿನಿಂದ ಮಡಿಚಿದವು, ಹಿಡಿದವು, ಸೋತವು.

"ನೋಡ್ದಿ? ಜೀವ ಅದ, ಕೆಲಸಿಲ್ಲ. ಇಲ್ಲಿ ಇಕಿ ಒಂದ ತಾಸು ದುಡಸ್ತಾಳ. ಮನ್ಯಾಗ ನೀ ದಿನಪೂರ್ತಿ ಮಲಗಸ್ತಿ. ಎರಡು ತಿಂಗಳ ಹಿಂಗ ನಡೀತಂದ್ರ ಕಟ್ಟಿಗಿ ಆಗ್ತದ. ಆಮ್ಯಾಲ ನನ್ನ ಕಡೆ ಬರಬ್ಯಾಡ. ಎಡಗೈ ಬಟ್ಟಿಲೆ ಕಟ್ಟು, ಬಲಗೈ ತಾನ ದುಡೀತದ ಅಂದಿದ್ನಲ್ಲ, ಕಟ್ಟಿಯೇನು?"

"ಅದನ್ನ ಕಟ್ಟಾಕ ಬರಂಗಿಲ್ರಿ. ಲಿಂಗದ ಕೈ ಅದು. ಅದರ್ಲೆ ಉಣ್ಣೂದೂ ಇಲ್ರಿ ಅವ್ವ."

ಬಸಲಿಂಗಮ್ಮ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸುವಾಕೆ. ಆ ಕೈಯನ್ನು ಕಟ್ಟಿಹಾಕಲೂ ಒಲ್ಲಳು, ಅದರಿಂದ ಅನ್ನ ಮುಟ್ಟಲೂ ಒಲ್ಲಳು. ಬಲಗೈ ಮೇಲೇಳುತ್ತಿರಲಿಲ್ಲ. ಹೀಗಾಗಿ ಮಗನೇ ಉಣಿಸುತ್ತಿದ್ದ.

"ಆ ಕೈಲೆ ಉಣ್ಣಂಗಿಲ್ಲೇನು?" ಡಾಕ್ಟರು ಹಣೆ ಬಡಿದುಕೊಂಡರು. "ಹುಚ್ಚಪ್ಪಾ, ಹಂಗಾದ್ರ ನಿಮ್ಮ ನೇಮಾನ ಆ ಕೈ ಕಟ್ಟೇದಲ್ಲೋ! ಗಂಗಾಳ ಮುಂದಿಟ್ಟು ನೀ ದೂರ ಸರಿ. ನುಂಗೂದು ಚಲೋ ಅದ, ಅಂಜಬ್ಯಾಡ. ಯಾರರೆ ಒಬ್ಬರು ಹತ್ರ ಇರ್ಲಿ, ಸಾಕು."

ಮನೆಗೆ ಮರಳುವಾಗ ಆಟೋದಲ್ಲಿ ಅವ್ವನ ತಲೆ ಅವನ ಹೆಗಲ ಮೇಲಿತ್ತು. ಪಕ್ಕದ ಹಳಿಗಳ ಮೇಲೆ ಆ ವರ್ಷವಷ್ಟೇ ಬಂದಿದ್ದ ಲೋಕಲ್ ರೈಲು ಶಹರದ ಕಡೆ ಹೊರಟಿತ್ತು. ಅಮರೇಶಪ್ಪ ಮಡಿಲಲ್ಲಿ ಬಿದ್ದಿದ್ದ ಆ ಬಲಗೈಯನ್ನೇ ನೋಡಿದ. ಅಪ್ಪ ಹೋದ ಮೇಲೆ ಮಿಯಾಪುರದ ಖಾನಾವಳಿಗೆ ರೊಟ್ಟಿ ಬಡಿದು ಬಡಿದು ಅವನನ್ನು ಸಾಕಿದ ಕೈ. ಅವನು ಗಿರಣಿಯಿಂದ ರೆಪ್ಪೆಯವರೆಗೆ ಹಿಟ್ಟು ಮೆತ್ತಿಕೊಂಡು ಬಂದಾಗ, ಅವ್ವ ತನ್ನ ಗಂಗಾಳದ ಕೊನೆಯ ತುತ್ತನ್ನು, ಪುಂಡಿಪಲ್ಯ ಸವರಿದ ರೊಟ್ಟಿಯ ಚೂರನ್ನು, ಅವನ ಬಾಯಿಗೇ ಇಡುತ್ತಿದ್ದಳು. ಮೀಸೆ ಬಂದ ಮೇಲೂ. ಓಣಿಯವರು ನಗುತ್ತಿದ್ದರು, ನಗಲಿ. ಲಕ್ವಾ ಹೊಡೆದ ದಿನದಿಂದ ಅವನು ಅವಳಿಗೆ ಹೊತ್ತುಹೊತ್ತಿಗೆ ತುತ್ತು ಕೊಟ್ಟಿದ್ದ. ಒಳಗೊಳಗೆ ಆ ಒಂದು ತುತ್ತಿಗಾಗಿ ಹಸಿದಿದ್ದ. ಯಾರ ಮುಂದೆ ಹೇಳಿಕೊಳ್ಳುವುದು? ಇಷ್ಟುದ್ದ ಗಂಡಸು!

ಮರುದಿನ ಮಧ್ಯಾಹ್ನ ಬೇಳೆಯಲ್ಲಿ ರೊಟ್ಟಿ ನೆನೆಸಿ, ಮೆತ್ತಗೆ ಕಲೆಸಿ, ಗಂಗಾಳವನ್ನು ಅವ್ವನ ಮುಂದಿಟ್ಟ. ಬಲಗೈಯನ್ನು ಒರೆಸಿ ಅದರ ಅಂಚಿಗಿಟ್ಟು ದೂರ ಸರಿದ. ನೆರೆಮನೆಯ ತುಳಸಾಬಾಯಿಯನ್ನು ಮೊದಲೇ ಕರೆದು ಕೂರಿಸಿದ್ದ.

"ಉಣಸಂಗಿಲ್ಲೇನೋ?" ಎಂದರು ಆಕೆ.

"ಇಲ್ರಿ ಅಕ್ಕಾರ. ನೀವೂ ಉಣಸಬ್ಯಾಡ್ರಿ. ಬರೇ ನೋಡ್ಕೋರಿ."

ಬಸಲಿಂಗಮ್ಮ ಬಹಳ ಹೊತ್ತು ಗಂಗಾಳ ನೋಡುತ್ತ ಕೂತಳು. ಆಮೇಲೆ ಬೆರಳಾಡಿಸಿದಳು. ಮೊದಲ ತುತ್ತು ಸೀರೆಯ ಮೇಲೆ ಬಿತ್ತು. ಎರಡನೆಯದು ಮುಂಗೈಗೆ ಜಾರಿ ಇಳಿಯಿತು. ಅವಳ ಮುಖ ಕೆಂಪಾಯಿತು.

"ಹೆತ್ತವ್ವನ ಪಜೀತಿ ನೋಡಾಕ ನಿಂತೀಯೇನೋ, ಭಾಡ್ಯಾ!"

"ಬೈಯಬೇ, ಎಷ್ಟರ ಬೈಯಿ. ಬೈಕೋತ ಉಣ್ಣು."

ಮತ್ತೆ ಬೆರಳು ಕೂಡಿದವು. ಈ ಸಲ ತುತ್ತು ಸಿಕ್ಕಿತು. ಮೊಣಕೈ ತೊಡೆ ಬಿಟ್ಟಿತು, ಕೈ ಎದೆಯವರೆಗೂ ಬಂತು. ಅಲ್ಲಿಂದ ಮೇಲೆ ಹೋಗಲೊಲ್ಲದು. ಕೆಳಗಿಳಿಸಲೂ ಅವಳು ಒಲ್ಲಳು. ಗಾಳಿಯಲ್ಲೇ ಥರಥರ ನಡುಗುತ್ತ ನಿಂತಿತು. ಬಾಯಿಗೂ ಬೆರಳಿಗೂ ಒಂದು ಗೇಣು. ಅವಳ ಕಣ್ಣಲ್ಲಿ ನೀರಾಡಿತು. ಬೈಗುಳದ ದನಿ ಕರಗಿಹೋಯಿತು.

"ಅಮರ್ಯಾ... ಒಂದ ತುತ್ತು ಹಾಕಪಾ. ಹೊಟ್ಟಿ ಹಸದೈತೋ."

"ಏನ್ ಕಲ್ಲಿನಂಥಾಂವೋ ನೀನು!" ತುಳಸಾಬಾಯಿ ಗದರಿದರು.

ಎರಡೇ ಹೆಜ್ಜೆ. ಆ ಮುಂಗೈಗೆ ಬೆರಳು ತಾಕಿಸಿದ್ದರೂ ಸಾಕಿತ್ತು. ಇಲ್ಲೇ ನಿಂತರೆ ತಾನು ಉಣಿಸಿಯೇಬಿಡುತ್ತೇನೆಂದು ಅಮರೇಶಪ್ಪನಿಗೆ ಗೊತ್ತಾಯಿತು. ಗೂಟದ ಮೇಲಿನ ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡ. "ಅಮರ್ಯಾ" ಎಂದು ಅವ್ವ ಮತ್ತೊಮ್ಮೆ ಕರೆದಳು. ಅವನು ಹೊಸ್ತಿಲು ದಾಟಿ ಗಿರಣಿಯ ಕಡೆ ನಡೆದುಬಿಟ್ಟ.