ಚಿಕ್ಕಮ್ಮನ ಸೊಂಟದ ಗಾಯ

ರೋಗಿಗಳ ಕೀವು, ರಕ್ತದಲ್ಲಿರುವ ರೋಗಾಣುಗಳನ್ನು ಬೆಳೆಸಿ, ಯಾವುದಕ್ಕೆ ಯಾವ ಔಷಧ ನಾಟುತ್ತದೆಂದು ಹೇಳುವುದು ಆಸ್ಪತ್ರೆಯ ಲ್ಯಾಬಿನ ಡಾಕ್ಟರಮ್ಮನ ಕೆಲಸ. ಜೋರಾದ ಆ್ಯಂಟಿಬಯೋಟಿಕ್ ಕೊಡುವ ಮುನ್ನ ತನ್ನನ್ನೊಂದು ಮಾತು ಕೇಳಿ ಎಂದು ಅವಳು ವಾರ್ಡು ವಾರ್ಡು ಅಲೆದು ಹೇಳಿದ್ದಳು. ಮೂಳೆ ಸರ್ಜನ್ ಮಾತ್ರ ಸೊಪ್ಪು ಹಾಕಲಿಲ್ಲ.

"ನೋಡಮ್ಮಾ, ಗಾಯ ಕೀವಾದ್ರೆ ಮನೆಯವರು ಹಿಡಿಯೋದು ನನ್ನ ಕೊರಳಪಟ್ಟಿ, ನಿನ್ನದಲ್ಲ," ಎನ್ನುತ್ತಿದ್ದರು. ಅವರ ವಾರ್ಡಿನಲ್ಲಿ ಬೇಕಿದ್ದವರಿಗೂ ಬೇಡದವರಿಗೂ ಅವೇ ಜೋರಾದ ಔಷಧಗಳು.

ಆ ವಾರ್ಡಿಗೇ ಅವಳ ಚಿಕ್ಕಮ್ಮ ಬಂದು ಸೇರಿದಳು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ತಾಯಿಯಿಲ್ಲದ ಡಾಕ್ಟರಮ್ಮನನ್ನು ಎತ್ತಿ ಆಡಿಸಿ, ಓದಿಸಿದವಳು. ಆಪರೇಷನ್ ಸಲೀಸಾಗಿ ಮುಗಿಯಿತು.

"ಒಳಗೆ ಕಬ್ಬಿಣ ಹಾಕಿದಾರಂತೆ ಕಣೇ. ಇನ್ಮೇಲೆ ಮಳೇಲಿ ನೆನೆದ್ರೆ ತುಕ್ಕು ಹಿಡೀತೀನಿ," ಎಂದು ಚಿಕ್ಕಮ್ಮ ನರ್ಸುಗಳನ್ನು ನಗಿಸಿದಳು.

ವಾರ ಕಳೆಯುವುದರೊಳಗೆ ಹೊಲಿಗೆ ಕೆಂಪೇರಿ ಕೀವು ಜಿನುಗಿತು. ಡಾಕ್ಟರಮ್ಮ ಆ ಕೀವಿನ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧದ ಬಿಲ್ಲೆಗಳನ್ನಿಟ್ಟಳು. ನಾಟುವ ಔಷಧವಾದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ಜಾಗ ಖಾಲಿಯಾಗಬೇಕು. ಮರುದಿನ ನೋಡಿದರೆ ಯಾವ ಬಿಲ್ಲೆಯ ಸುತ್ತಲೂ ಜಾಗ ಖಾಲಿಯಾಗಿರಲಿಲ್ಲ. ಎಲ್ಲೋ ತಪ್ಪಿರಬಹುದೆಂಬ ಆಸೆಗೆ ಮತ್ತೊಮ್ಮೆ ಮಾಡಿದಳು. ಅದೇ.

ಸರ್ಜನ್ ತಾವಾಗಿಯೇ ಲ್ಯಾಬಿಗೆ ಬಂದರು. "ಏನು ಕೊಡೋಣ, ನೀವೇ ಹೇಳಿ," ಎಂದರು. ಹಿಂದಿನ ಗತ್ತು ಇರಲಿಲ್ಲ.

"ಎಲ್ಲರಿಗೂ ಎಲ್ಲಾನೂ ಕೊಟ್ಟಾಗಿದೆ ಸರ್. ನಿಮ್ಮ ವಾರ್ಡಿನ ರೋಗಾಣು ಅದನ್ನೆಲ್ಲ ಅರಗಿಸಿಕೊಂಡಿದೆ."

ಸರ್ಜನ್ ಚಿಕ್ಕಮ್ಮನನ್ನು ಮತ್ತೆ ಆಪರೇಷನ್‌ಗೆ ಒಯ್ದರು. ಗಾಯ ತೆರೆದು ತೊಳೆದರು, ಕಬ್ಬಿಣ ತೆಗೆದರು. ಬಿಲ್ಲೆಯಲ್ಲಿ ಪರೀಕ್ಷಿಸಲಾಗದ ಹಳೆಯ ಔಷಧವೊಂದು ಉಳಿದಿತ್ತು, ಅದನ್ನೂ ಏರಿಸಿದರು. ಜ್ವರ ಜಗ್ಗಲಿಲ್ಲ, ಕಿಡ್ನಿ ಕೈಕೊಟ್ಟಿತು.

"ನಿನ್ನದು ಇದೇ ಕೆಲಸ ಅಲ್ವೇನೇ? ನಿನ್ನ ಹತ್ರಾನೂ ಮದ್ದಿಲ್ವಾ?" ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ ಚಿಕ್ಕಮ್ಮ."

"ಹೋಗ್ಲಿ ಬಿಡು. ಅಳಬೇಡ, ಮೂಗು ಊದಿಕೊಂಡ್ರೆ ನಿನ್ನ ಮುಖ ನೋಡೋ ಹಾಗಿರಲ್ಲ."

ಆಮೇಲೆ ಚಿಕ್ಕಮ್ಮನಿಗೆ ಮಾತು ಬರಲಿಲ್ಲ. ಸಂಜೆಯ ಹೊತ್ತಿಗೆ ಉಸಿರು ನಿಂತಿತು.

ಕರ್ಮಾಂತರ ಮುಗಿಸಿ ಡಾಕ್ಟರಮ್ಮ ಕೆಲಸಕ್ಕೆ ಮರಳಿದಳು. ಸರ್ಜನ್ ಈಗ ಅವಳನ್ನು ಕೇಳದೆ ಒಂದು ಸೂಜಿಯನ್ನೂ ಚುಚ್ಚಿಸುತ್ತಿರಲಿಲ್ಲ. ಅಂದೂ ಫೋನ್ ಮಾಡಿದರು. ಚಿಕ್ಕಮ್ಮನ ಪಕ್ಕದ ಹಾಸಿಗೆಯಲ್ಲಿದ್ದ ಬಡಗಿಯ ಕಾಲಿನ ಗಾಯವೂ ಕೀವಾಗಿತ್ತು, ಚಳಿಜ್ವರ ಬೇರೆ.

"ಏನು ಕೊಡಲಮ್ಮಾ?"

"ಕೀವು ಕಳಿಸಿ ಸರ್," ಎಂದಳು. ಅದೇ ರೋಗಾಣುವಾಗಿದ್ದರೆ ಹೇಳಲು ಅವಳ ಬಳಿ ಔಷಧದ ಹೆಸರೊಂದೂ ಇರಲಿಲ್ಲ.